ಸನಾದಿ ಮತ್ತು ಉಸಿರಿನ ದುಡಿಮೆ: ಒಂದು ಓದು

ನಾನು ಜತ್ತ ತಾಲೂಕಿನ ಗುಡ್ಡಾಪುರದಿಂದ, ಅಂದರೆ ದಾನಮ್ಮನ ಊರಿಂದ ಮಾತಾಡ್ತಿದ್ದೇನೆ. ನಮ್ಮ ಕಡೆ ಕನ್ನಡದವರು 'ಸನಾದಿ' ಅಂದದ್ದನ್ನೇ ಮರಾಠಿಯವರು 'ಸನಈ' ಅಂತಾರೆ. ನನ್ನ ಪ್ರಶ್ನೆ ಸಣ್ಣದು: ಈ ವಾದ್ಯದ ಬಗ್ಗೆ ನಾವು ಬರೆಯುವಾಗ ಊದುವವರ ಉಸಿರು ಎಲ್ಲಿ ಹೋಗುತ್ತದೆ?

ಮೊದಲು ಭಾಷೆ ನೋಡೋಣ. ಬರವಣಿಗೆಯಲ್ಲಿ 'ಸನಾದಿ ಮೊಳಗಿತು' ಅಂತ ಬರೀತೀವಿ. ಮದುವೆ ಮನೆಯಲ್ಲಿ 'ಬಾಜಾ ಹಚ್ಚೇವಿ' ಅಂತೀವಿ. ಒಂದರಲ್ಲಿ ಕರ್ತೃ ವಾದ್ಯ, ಇನ್ನೊಂದರಲ್ಲಿ ಕರ್ತೃ ದುಡ್ಡು ಕೊಟ್ಟವರು. ಊದಿದವರು ಎರಡರಲ್ಲೂ ಇಲ್ಲ.

ಊದುವುದು ಅಂದರೆ ಏನು ಅಂತ ಗಮನಿಸಿದರೆ ಈ ಗೈರುಹಾಜರಿ ಎಷ್ಟು ದೊಡ್ಡದು ಅಂತ ತಿಳಿಯುತ್ತದೆ. ಗಾಳಿಯನ್ನು ಪುಪ್ಪುಸ ತುಂಬ ಎಳೆದುಕೊಂಡರೆ ಸಾಲದು. ಪಕ್ಕೆಲುಬು ಕುಸಿಯದಂತೆ ಹಿಡಿದು, ಹೊಟ್ಟೆಯ ಸ್ನಾಯುಗಳಿಂದ ಗಾಳಿಯನ್ನು ಒಂದೇ ಒತ್ತಡದಲ್ಲಿ ಬಿಡಬೇಕು. ಒತ್ತಡ ಸಡಿಲಾದರೆ ಸ್ವರ ಇಳಿಯುತ್ತದೆ. ಸನಾದಿಯ ದೂರದ ಬಂಧು, ಪಾಶ್ಚಾತ್ಯರ ಓಬೋದಲ್ಲಿ ಕಷ್ಟ ಬೇರೆ ಥರದ್ದು. ಅದರ ಬಾಯಿಗಿಡುವ ಎಲೆಯ ಸೀಳು ತುಂಬಾ ಕಿರಿದು, ಗಾಳಿ ಖರ್ಚಾಗುವುದೇ ಇಲ್ಲ. ಹಾಗಾಗಿ ಓಬೋ ನುಡಿಸುವವರು ಹೊಸ ಉಸಿರು ತೆಗೆದುಕೊಳ್ಳುವ ಮೊದಲು ಹಳೆಯದನ್ನು ಹೊರಗೆ ಬಿಡಬೇಕು.

ಈಗ 1977ರ 'ಸನಾದಿ ಅಪ್ಪಣ್ಣ' ಚಿತ್ರಕ್ಕೆ ಬರುತ್ತೇನೆ. ನಿರ್ದೇಶಕರು ವಿಜಯ್, ಸಂಗೀತ ಜಿ. ಕೆ. ವೆಂಕಟೇಶ್. ಸನಾದಿ ಊದುವವನೊಬ್ಬ ಕನ್ನಡ ಚಿತ್ರದ ನಾಯಕನಾದದ್ದು ದೊಡ್ಡ ಮಾತು, ಅದರಲ್ಲಿ ಅನುಮಾನವಿಲ್ಲ. ಆದರೆ ತೆರೆಯ ಮೇಲೆ ಕಾಣುವ ದೇಹ ರಾಜ್‌ಕುಮಾರ್ ಅವರದು, ಕೇಳುವ ಉಸಿರು ಬಿಸ್ಮಿಲ್ಲಾ ಖಾನ್ ಅವರದು. ಇದು ಚಿತ್ರದ ದೋಷವಲ್ಲ, ಹಿನ್ನೆಲೆ ಸಂಗೀತದ ಪದ್ಧತಿಯೇ ಹಾಗೆ. ತೊಂದರೆ ಇರುವುದು ನಮ್ಮ ಓದಿನಲ್ಲಿ. ನಾವು ಅಭಿನಯವನ್ನೂ ನಾದವನ್ನೂ ಹೊಗಳಿ ಸುಮ್ಮನಾಗ್ತೀವಿ. ಎರಡನ್ನೂ ಒಂದೇ ದೇಹದಲ್ಲಿ ಹೊತ್ತು ದುಡಿಯುವ ಭಜಂತ್ರಿ ಸಮುದಾಯದ ಕಲಾವಿದರತ್ತ ನಮ್ಮ ವಿಮರ್ಶೆ ತಿರುಗುವುದು ಅಪರೂಪ.

ಇದಕ್ಕೆ ಎದುರಾಗಿ ಬಸವಣ್ಣನ ಒಂದು ವಚನ ನೆನಪಾಗುತ್ತದೆ: ತನ್ನ ದೇಹವನ್ನೇ ತಂತಿವಾದ್ಯ ಮಾಡಿಕೊಂಡು ನುಡಿಸು ಅಂತ ದೇವರನ್ನು ಬೇಡುವ ವಚನ. ಅಲ್ಲಿ ದೇಹ ವಾದ್ಯವಾಗುತ್ತದೆ, ನುಡಿಸುವವನು ಶಿವ. ಅದು ಶರಣಾಗತಿಯ ರೂಪಕ. ಸನಾದಿಯಲ್ಲಿ ದೇಹ ವಾದ್ಯವಾಗುವುದಿಲ್ಲ, ವಾದ್ಯಕ್ಕಾಗಿ ದುಡಿಯುತ್ತದೆ. ಆ ರೂಪಕವನ್ನೇ ಇದಕ್ಕೂ ಹಚ್ಚಿದರೆ ದುಡಿಮೆ ಭಕ್ತಿಯಲ್ಲಿ ಕರಗಿಹೋಗುತ್ತದೆ.

ಕೊನೆಯದಾಗಿ ಶ್ರುತಿ ಹಿಡಿಯುವವರು. ಮೇಳದಲ್ಲಿ ಇವರದು ಒಂದೇ ಸ್ವರ, ಅದು ಕಡಿಯಬಾರದು. ಕೆನ್ನೆಯಲ್ಲಿ ಸ್ವಲ್ಪ ಗಾಳಿ ಉಳಿಸಿಕೊಂಡು, ಅದನ್ನು ಒತ್ತಿ ಹೊರಗೆ ತಳ್ಳುತ್ತಲೇ ಮೂಗಿನಿಂದ ಹೊಸ ಉಸಿರು ಎಳೀತಾರೆ. ಮುಖ್ಯ ಸನಾದಿಯವರು ನಿಲ್ಲಿಸಿ ಉಸಿರು ತೆಗೆದುಕೊಳ್ಳಬಹುದು, ಆ ಬಿಡುವು ನಮಗೆ ಭಾವವಾಗಿ ಕೇಳಿಸುತ್ತದೆ. ಆ ಬಿಡುವನ್ನು ತುಂಬುವ ಉಸಿರು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ. ಪಲ್ಲಕ್ಕಿಯ ಮುಂದೆ ನಡೆಯುತ್ತಾ ಇದನ್ನು ಮಾಡುವುದಂತೂ ಇನ್ನೂ ಕಷ್ಟ.

ಸನಾದಿಯನ್ನು 'ಮಂಗಳವಾದ್ಯ' ಅಂತ ಕರೆದು ನಾವು ಗೌರವ ಕೊಟ್ಟಿದ್ದೇವೆ. ಆ ಗೌರವ ವಾದ್ಯದ ತನಕ ಬಂದು ನಿಂತುಬಿಟ್ಟಿದೆ ಅನ್ನುವುದು ನನ್ನ ವಾದ. ಸಾಹಿತ್ಯ ವಿಮರ್ಶೆ 'ಉಸಿರು' ಅಂದ ತಕ್ಷಣ ಪ್ರಾಣ, ಆತ್ಮ, ನಾಡು, ನುಡಿ ಅಂತ ಮೇಲಕ್ಕೆ ಹಾರುತ್ತದೆ. ಅದಕ್ಕೂ ಮೊದಲು ಅದು ಒಬ್ಬರ ಹೊಟ್ಟೆಯ ಸ್ನಾಯುಗಳ ಕೆಲಸ. ಇನ್ನು ಮುಂದೆ 'ಸನಾದಿ ಮೊಳಗಿತು' ಅನ್ನುವ ವಾಕ್ಯ ಸಿಕ್ಕಾಗ, ಊದಿದವರು ಯಾರು ಅಂತ ಕೇಳೋಣ.