ಒಲೆ ಕೊಳ್ಳೋರು ಬೇರೆ, ಊದೋರು ಬೇರೆ

ಹೊಗೆ ಕಡಿಮೆ ಅಂತ ಮಾರೋ ಕಟ್ಟಿಗೆ ಒಲೆಗಳಿಗೆ ಆನ್‌ಲೈನಲ್ಲಿ ಬರೋ ರಿವ್ಯೂಗಳನ್ನ ಒಮ್ಮೆ ಕೂತು ಓದಿ. ಪ್ಯಾಕಿಂಗ್ ಚೆನ್ನಾಗಿತ್ತು, ಹೇಳಿದ ದಿನಕ್ಕೆ ಬಂತು, ಊರಲ್ಲಿ ಅಮ್ಮನಿಗೆ ಇಷ್ಟ ಆಯ್ತು, ಐದು ಸ್ಟಾರ್. ಬರೆದವರು ನಮ್ಮ ನಿಮ್ಮಂಥವರೇ. ಬೆಂಗಳೂರಲ್ಲೋ ಪುಣೆಯಲ್ಲೋ ಇಂಡಕ್ಷನ್ ಮೇಲೆ ಕಾಫಿ ಕಾಯಿಸಿಕೊಂಡು, ಊರಿನ ವಿಳಾಸಕ್ಕೆ ಒಲೆ ಆರ್ಡರ್ ಮಾಡೋರು. ದಿನಾ ಬೆಳಗ್ಗೆ ಐದೂವರೆಗೆ ಎದ್ದು ಆ ಒಲೆಗೆ ಬೆಂಕಿ ಹಚ್ಚೋರು ರಿವ್ಯೂ ಬರೆಯಲ್ಲ. ಬರೆದರೆ ಸ್ಟಾರ್ ಎಷ್ಟು ಬೀಳ್ತಿತ್ತೋ!

ನನ್ನ ತಕರಾರು ಒಲೆಗಳ ಮೇಲಲ್ಲ, ಅವನ್ನ ಅಳೆಯೋ ರೀತಿ ಮೇಲೆ. ನಮ್ಮ ಕೆಲಸದಲ್ಲಿ ಲ್ಯಾಪ್‌ಟಾಪಲ್ಲಿ ಚೆನ್ನಾಗಿ ಓಡಿದ ಕೋಡು ಪ್ರೊಡಕ್ಷನ್‌ಗೆ ಹೋದ ದಿನವೇ ಮಲಗೋದನ್ನ ಎಲ್ಲರೂ ನೋಡಿದ್ದೀವಿ. ಒಲೆಗೂ ಒಂದು ಪ್ರೊಡಕ್ಷನ್ ಇದೆ. ಅದರ ಹೆಸರು ಊರಿನ ಹಿತ್ತಿಲು.

ಹೊಳಲ್ಕೆರೆ ತಾಲ್ಲೂಕಿನ ನಮ್ಮ ತಾಳ್ಯದ ಕಡೆ ಆ ಹಿತ್ತಿಲಲ್ಲಿ ಏನಿರುತ್ತೆ ನೋಡಿ. ಬಳ್ಳಾರಿ ಜಾಲಿ, ತೆಂಗಿನ ಗರಿ, ಮಟ್ಟೆ, ಅಡಕೆ ಸೋಗೆ, ಅಡಕೆ ಸಿಪ್ಪೆ, ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು, ತೊಗರಿ ಕಡ್ಡಿ. ಒಂದೊಂದು ತಿಂಗಳು ಒಂದೊಂದರ ರಾಶಿ. ಜಾಲಿ ಗಟ್ಟಿ ಕಟ್ಟಿಗೆ, ಒಣಗಿದ್ರೆ ಕೆಂಡ ನಿಲ್ಲುತ್ತೆ, ಹಸಿ ಇದ್ರೆ ಕಣ್ಣು ತೆಗೆಯೋಕೆ ಬಿಡಲ್ಲ. ತೊಗರಿ ಕಡ್ಡಿ ಭಗ್ ಅಂತ ಹತ್ತಿ ಐದೇ ನಿಮಿಷಕ್ಕೆ ಬೂದಿ. ಅಡಕೆ ಸಿಪ್ಪೆ ಉರಿಯೋದಕ್ಕಿಂತ ಹೊಗೆಯಾಡೋದೇ ಜಾಸ್ತಿ. ಇದೆಲ್ಲವನ್ನೂ ಉರಿಸುತ್ತೆ ಅಂತಲೇ ಡಬ್ಬದ ಮೇಲೆ 'ಮಲ್ಟಿ ಫ್ಯೂಯೆಲ್' ಅಂತ ಬರೆದಿರುತ್ತಾರೆ. ಉರಿಸುತ್ತೆ, ಸುಳ್ಳಲ್ಲ. ಆದ್ರೆ ಪ್ರತಿಯೊಂದಕ್ಕೂ ಬೇಕಾದ ಗಾಳಿ ಬೇರೆ, ಬೇಕಾದ ಜಾಗ ಬೇರೆ. ಹೊಗೆ ಅಂದ್ರೆ ಪೂರ್ತಿ ಉರಿಯದೇ ಉಳಿದ ಕಟ್ಟಿಗೆ, ಅಷ್ಟೇ. ಒಂದಕ್ಕೆ ಸರಿ ಹೊಂದುವಂತೆ ಮಾಡಿದ ಒಲೆಗೆ ಇನ್ನೊಂದನ್ನ ತುರುಕಿದ್ರೆ ಆ ಉಳಿಕೆ ನೇರ ಶ್ವಾಸಕೋಶಕ್ಕೆ. ಮನೆಯೊಳಗಿನ ಇಂಥ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸತ್ತವರು ಸುಮಾರು 32 ಲಕ್ಷ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿದೆ. ಅಮ್ಮನ ಕೆಮ್ಮನ್ನ ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗೋ ವಿಷಯ ಅಲ್ಲ ಇದು.

'ಈಗೆಲ್ಲಾ ಗ್ಯಾಸ್ ಬಂದಿದೆಯಲ್ಲ ಮಾರಾಯ' ಅಂತೀರಿ. ಬಂದಿದೆ. 2016ರ ಮೇ 1ರಂದು ಉಜ್ವಲ ಯೋಜನೆ ಶುರುವಾಯ್ತು, ಹಳ್ಳಿ ಹಳ್ಳಿಗೆ ಸಿಲಿಂಡರ್ ಹೋಯ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸ್ವಚ್ಛ ಇಂಧನದಿಂದ ಅಡುಗೆ ಮಾಡೋ ಮನೆಗಳು 2015-16ರಲ್ಲಿ ಶೇ. 43.8 ಇದ್ದದ್ದು 2019-21ಕ್ಕೆ ಶೇ. 58.6 ಆಯ್ತು. ಒಳ್ಳೇದೇ. ಆದ್ರೆ ಸಮೀಕ್ಷೆ ಕೇಳೋ ಪ್ರಶ್ನೆ 'ಅಡುಗೆಗೆ ಮುಖ್ಯವಾಗಿ ಯಾವ ಇಂಧನ' ಅಂತ. ಸ್ನಾನದ ನೀರು ಯಾವುದರಲ್ಲಿ ಕಾಯುತ್ತೆ ಅನ್ನೋದು ಆ ಅಂಕಿಯೊಳಗೆ ಇಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಟೀ, ಅನ್ನ, ಸಾರು ಗ್ಯಾಸಿಗೆ ಹೋದವು, ಹಂಡೆ ಮಾತ್ರ ಕಟ್ಟಿಗೆ ಮೇಲೇ ಕೂತಿದೆ.

ಅದೇನು ಹಠ ಅಲ್ಲ, ಲೆಕ್ಕಾಚಾರ. ಐದು ಜನರ ಮನೆ, ತಲೆಗೆ 20 ಲೀಟರ್ ಬಿಸಿನೀರು, ಒಟ್ಟು 100 ಲೀಟರ್. ಅದನ್ನ 25 ಡಿಗ್ರಿ ಏರಿಸೋಕೆ ನೀರಿಗೆ ಸೇರಬೇಕಾದ ಶಾಖ ಸುಮಾರು 10.5 ಮೆಗಾಜೂಲ್. ಗ್ಯಾಸ್ ಸ್ಟವ್ ಮೇಲೆ ಕಾಯಿಸಿದ್ರೆ ದಿನಕ್ಕೆ ಹತ್ತಿರ ಹತ್ತಿರ 380 ಗ್ರಾಂ ಗ್ಯಾಸ್. ಅಂದ್ರೆ ಬರೀ ಸ್ನಾನಕ್ಕೇ 14.2 ಕೆಜಿಯ ಒಂದು ಸಿಲಿಂಡರ್ 37 ದಿನಕ್ಕೆ ಖಾಲಿ. ಹಿತ್ತಿಲಲ್ಲಿ ಪುಕ್ಕಟೆ ಜಾಲಿ ಬಿದ್ದಿರುವಾಗ ಯಾವ ಅವ್ವ ಇದಕ್ಕೆ ಒಪ್ತಾಳೆ? ಹಳೇ ಹಂಡೆ ಒಲೆಯಲ್ಲಿ ಇದೇ ಕೆಲಸಕ್ಕೆ ಮೂರೂವರೆಯಿಂದ ನಾಲ್ಕೂವರೆ ಕೆಜಿ ಕಟ್ಟಿಗೆ ಬೇಕು, ತಿಂಗಳಿಗೆ ಒಂದು ಕ್ವಿಂಟಾಲ್ ದಾಟುತ್ತೆ. ನಾವು ಕಳಿಸಿಕೊಡೋ ಪುಟ್ಟ ಸ್ಟೀಲ್ ಒಲೆ ಗ್ಯಾಸ್ ಆಗಲೇ ಬಿಡಿಸಿಕೊಂಡಿರೋ ಕೆಲಸಕ್ಕೆ ಹೋಗಿ ನಿಂತುಕೊಳ್ಳುತ್ತೆ. ಹೊಗೆ ಜಾಸ್ತಿ ಬರೋ ಜಾಗಕ್ಕೆ ಅದು ಹೋಗೋದೇ ಇಲ್ಲ. ಊರಲ್ಲಿ ಇಂಥದ್ದೊಂದು ಒಲೆಯನ್ನ ತಿರುಗಿಸಿ ಮುರುಗಿಸಿ ನೋಡಿದ ದೊಡ್ಡವ್ವ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: 'ಚೆಂದಾಗೈತೆ ಕಣಪ್ಪಾ, ಇದರ ಮೇಲೆ ಹಂಡೆ ಕೂರುತ್ತಾ?' ನಾನು ಓದಿದ ಒಲೆ ವಿಮರ್ಶೆಗಳಲ್ಲಿ ಇಷ್ಟು ನೇರವಾದದ್ದು ಇನ್ನೊಂದಿಲ್ಲ.

ಇನ್ನು ಡಬ್ಬದ ಮೇಲಿನ ಅಂಕಿಗಳಿಗೆ ಬರೋಣ. ಕಟ್ಟಿಗೆ ಒಲೆಗೂ ನಮ್ಮಲ್ಲಿ ಐಎಸ್‌ಐ ಮಾನದಂಡ ಇದೆ, ಐಎಸ್ 13152, 2013ರದ್ದು. ಫ್ಯಾನ್ ಇಲ್ಲದ ಒಲೆಗೆ ಕನಿಷ್ಠ ಶೇ. 25 ದಕ್ಷತೆ ಇರಬೇಕು, ಪಾತ್ರೆಗೆ ತಲುಪಿಸಿದ ಪ್ರತಿ ಮೆಗಾಜೂಲಿಗೆ ಹೊಗೆಯ ಕಣ 350 ಮಿಲಿಗ್ರಾಂ ಮೀರಬಾರದು. ಫ್ಯಾನ್ ಇದ್ದ ಒಲೆಗೆ ಶೇ. 35 ಮತ್ತು 150 ಮಿಲಿಗ್ರಾಂ. ಓದೋಕೆ ಚೆನ್ನಾಗಿದೆ. ನಮ್ಮ 10.5 ಮೆಗಾಜೂಲ್ ಸ್ನಾನದ ನೀರಿಗೆ ಹಚ್ಚಿ ನೋಡಿ. ಪಾಸಾದ ಒಲೆ ಕೂಡ ಮಿತಿಯ ಅಂಚಲ್ಲಿದ್ರೆ ಒಂದು ಬೆಳಗ್ಗೆಗೆ 3.7 ಗ್ರಾಂ ಕಣ ಬಿಡಬಹುದು. ಕಟ್ಟಿಗೆ ಹೊಗೆಯಲ್ಲಿ ಬಹುಪಾಲು ಸೂಕ್ಷ್ಮ ಕಣಗಳೇ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ದಿನದ ಮಿತಿ ಒಂದು ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ. ಆ ಮಟ್ಟಕ್ಕೆ ಇಳಿಸಬೇಕಾದ್ರೆ ಸುಮಾರು ಎರಡೂವರೆ ಲಕ್ಷ ಘನ ಮೀಟರ್ ಗಾಳಿ ಬೇಕು. ನಮ್ಮ ಬಚ್ಚಲಮನೆಯಲ್ಲಿರೋದು ಹೆಚ್ಚೆಂದ್ರೆ ಹತ್ತು ಘನ ಮೀಟರ್. ಫ್ಯಾನ್ ಒಲೆಯಾದ್ರೂ ಲಕ್ಷ ಘನ ಮೀಟರ್ ದಾಟುತ್ತೆ.

ಅಂದ್ರೆ 'ಕಡಿಮೆ ಹೊಗೆ' ಅನ್ನೋದು ಹಳೇ ಮೂರು ಕಲ್ಲಿನ ಒಲೆಗೆ ಹೋಲಿಸಿದಾಗಿನ ಮಾತು. ಉಸಿರಾಡೋ ಮನುಷ್ಯಳಿಗೆ ಹೋಲಿಸಿದ ಮಾತಲ್ಲ. ಅದೂ ಆ ಪರೀಕ್ಷೆ ನಡೆಯೋದು ಲ್ಯಾಬಲ್ಲಿ, ಒಂದೇ ಅಳತೆಗೆ ಕತ್ತರಿಸಿ ಒಣಗಿಸಿದ ಕಟ್ಟಿಗೆ ಇಟ್ಟು, ಪಳಗಿದ ಕೈಯಿಂದ. ಮಳೆಗಾಲದ ಹಸಿ ಜಾಲಿ ಅಲ್ಲಿಗೆ ಹೋಗಿರಲ್ಲ.

ಈ ಪಾಠ ಹೊಸದೇನಲ್ಲ. ಕರ್ನಾಟಕಕ್ಕಂತೂ ಮೊದಲೇ ಸಿಕ್ಕಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 'ಅಸ್ತ್ರ' ಅನ್ನೋ ಕೇಂದ್ರ ಕಟ್ಟಿದರು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತಲೇ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಪ್ರಯೋಗದ ನೆಲೆ ಇತ್ತು. ಅಲ್ಲಿಂದ ಬಂದದ್ದು ಅಸ್ತ್ರ ಒಲೆ: ಮೂರು ಪಾತ್ರೆ ಸಾಲಾಗಿ ಕೂರೋ, ಜಾಲರಿ ಮೇಲೆ ಕಟ್ಟಿಗೆ ಉರಿಯೋ, ಚಿಮಣಿ ಇರೋ ಕಟ್ಟಿದ ಒಲೆ. ನನ್ನ ಪ್ರಕಾರ ಹಳ್ಳಿ ಅಡುಗೆಮನೆಯನ್ನ ಅರ್ಥ ಮಾಡಿಕೊಂಡು ಮಾಡಿದ ಅಪರೂಪದ ವಿನ್ಯಾಸ ಅದು. ಒಂದರಲ್ಲಿ ಮುದ್ದೆ, ಒಂದರಲ್ಲಿ ಸಾರು, ಕೊನೆಯದರಲ್ಲಿ ನೀರು. ಮುದ್ದೆ ತಿರುವೋವಾಗ ಕೋಲಿಗೆ ಮೈಭಾರ ಹಾಕಬೇಕು, ಕಟ್ಟಿದ ಒಲೆ ಅಲುಗಾಡಲ್ಲ. ಎರಡೂವರೆ ಕೆಜಿಯ ಸ್ಟೀಲ್ ಒಲೆ ಮೇಲೆ ಐದು ಜನರ ಮುದ್ದೆ ತಿರುವಿ ನೋಡಿ, ಗೊತ್ತಾಗುತ್ತೆ.

ಆದ್ರೆ ಅಂಥ ಒಲೆಗಳಿಗೂ ಕಟ್ಟೋ ಕೈ ಬೇಕು, ವರ್ಷಕ್ಕೆರಡು ಸಲ ಚಿಮಣಿ ಗುಡಿಸೋ ಕೈ ಬೇಕು. ಎಂಬತ್ತರ ದಶಕದಲ್ಲಿ ಶುರುವಾಗಿ 2002ರವರೆಗೆ ನಡೆದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಕೋಟಿಗಟ್ಟಲೆ ಒಲೆ ಹಂಚಿದರು. ಗುರಿ ಮುಟ್ಟಿತು, ದುರಸ್ತಿಗೆ ಯಾರೂ ಬರಲಿಲ್ಲ. ಒಡಿಶಾದಲ್ಲಿ ರೆಮಾ ಹನ್ನಾ, ಎಸ್ತರ್ ಡುಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್ ನಾಲ್ಕು ವರ್ಷ ಬೆನ್ನು ಹತ್ತಿ ನೋಡಿದ್ದೂ ಇದನ್ನೇ. ಚಿಮಣಿ ಒಲೆ ಬಂದ ಮೊದಲ ವರ್ಷ ಒಳಗೆ ಹೋಗೋ ಹೊಗೆ ಇಳಿಯಿತು, ಆಮೇಲೆ ಸರಿಯಾಗಿ ನೋಡಿಕೊಳ್ಳದೆ ಆ ಲಾಭ ಕರಗಿಹೋಯ್ತು.

ಇನ್ನೊಂದು ತುದಿಯಲ್ಲಿ ಊರ್ಜಾ ಒಲೆ. ಇದೂ ವಿಜ್ಞಾನ ಸಂಸ್ಥೆಯ ಕೂಸೇ. ಬಿಪಿ ಕಂಪನಿ ಜತೆ ಸೇರಿ 2006ರಲ್ಲಿ ಮಾರುಕಟ್ಟೆಗೆ ಬಂತು. ಬ್ಯಾಟರಿಯಲ್ಲಿ ಓಡೋ ಚಿಕ್ಕ ಫ್ಯಾನ್, ಕೃಷಿ ತ್ಯಾಜ್ಯದಿಂದ ಒತ್ತಿ ಮಾಡಿದ ಗುಳಿಗೆ, ನೀಲಿಗೆ ಹತ್ತಿರದ ಉರಿ. ತಾಂತ್ರಿಕವಾಗಿ ಸೊಗಸಾದ ಕೆಲಸ. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ಲಕ್ಷಗಟ್ಟಲೆ ಮಾರಾಟವಾಯ್ತು. 2009ರಲ್ಲಿ ಬಿಪಿ ಕೈ ತೊಳೆದುಕೊಂಡು ಬೇರೆಯವರಿಗೆ ಒಪ್ಪಿಸಿತು, ಗುಳಿಗೆ ಬೆಲೆ ಏರಿತು, ಒಲೆಗಳು ಅಟ್ಟ ಸೇರಿದವು. ಹಿತ್ತಿಲ ಕಟ್ಟಿಗೆಯನ್ನ ಆ ಒಲೆ ಒಪ್ಪಲ್ಲ, ಅದು ಕೇಳೋ ಗುಳಿಗೆ ಅಂಗಡೀಲಿ ಸಿಗಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸಪೋರ್ಟ್ ನಿಂತುಹೋದ ಪ್ರಾಡಕ್ಟು.

ಈಗ ಹೆಚ್ಚು ಮಾರಾಟವಾಗೋದು ಇವೆರಡರ ನಡುವಿನವು, ರಾಕೆಟ್ ಜಾತಿಯ ಲೋಹದ ಒಲೆಗಳು. ಎಂಬತ್ತರ ದಶಕದಲ್ಲಿ ಅಮೆರಿಕದ ಲ್ಯಾರಿ ವಿನಿಯಾರ್ಸ್ಕಿ ರೂಪಿಸಿದ ತತ್ವ: ಕೆಳಗೆ ಕಟ್ಟಿಗೆ ತೂರೋ ಬಾಯಿ, ಮೇಲಕ್ಕೆ ಶಾಖ ಹಿಡಿದಿಡೋ ಕಿರಿದಾದ ಗೂಡು. ಗುಳಿಗೆ ಬೇಡ, ಬ್ಯಾಟರಿ ಬೇಡ, ಒಣ ಕಟ್ಟಿಗೆ ಇದ್ರೆ ಚೆನ್ನಾಗೇ ಉರಿಯುತ್ತೆ. ಕೊರತೆ ಎರಡು. ಬಾಯಿ ಚಿಕ್ಕದು, ಹಾಗಾಗಿ ಕಟ್ಟಿಗೆಯನ್ನ ಬೆರಳು ದಪ್ಪಕ್ಕೆ ಸೀಳಬೇಕು. ಮಚ್ಚು ಹಿಡಿದು ಸೀಳೋರು ಯಾರು? ಒಲೆ ಕೊಂಡ ಮಗ ಸೋಮವಾರ ಬೆಳಗ್ಗೆ ಮೆಜೆಸ್ಟಿಕ್ಕಲ್ಲಿ ಇಳಿದಿರುತ್ತಾನೆ. ಎರಡನೇದು, ಇವುಗಳಲ್ಲಿ ಬಹಳಷ್ಟಕ್ಕೆ ಚಿಮಣಿ ಇಲ್ಲ. ಕೊಪ್ಪಳ ಜಿಲ್ಲೆಯಲ್ಲಿ ಕಾರ್ಬನ್ ಹಣದ ನೆರವಲ್ಲಿ ಹಂಚಿದ ಸುಧಾರಿತ ಒಲೆಗಳನ್ನ ಮನೆಗಳಲ್ಲೇ ಅಳೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯ್ತು. ಹೊಸ ಒಲೆ ಪಡೆದ ಮನೆಗಳಲ್ಲಿ ಶೇ. 40ರಷ್ಟು ಹಳೇ ಒಲೆಯನ್ನೂ ಉರಿಸುತ್ತಲೇ ಇದ್ದವು. ಹೊಸದು ಬಂತು ಅಂತ ಹಳೇದು ಹೋಗಲ್ಲ. ಹಳೇದು ಮಾಡ್ತಿದ್ದ ಎಲ್ಲ ಕೆಲಸ ಹೊಸದಕ್ಕೆ ಬಂದ್ರೆ ಮಾತ್ರ ಹೋಗುತ್ತೆ.

ಹಾಗಾದ್ರೆ ಏನು ಕೊಳ್ಳೋದು? ನನ್ನ ಕೇಳಿದ್ರೆ ಒಲೆಗೂ ಮೊದಲು ಹಂಡೆ ನೋಡಿ. ಚಿತ್ರದುರ್ಗ ಸೀಮೆಯಲ್ಲಿ ಬಿಸಿಲಿಗೇನು ಬರ. ಸೂರಿನ ಮೇಲೆ 100 ಲೀಟರಿನ ಸೋಲಾರ್ ಕೂರಿಸಿದ್ರೆ ವರ್ಷದ ಬಹುಪಾಲು ದಿನ ಆ ಕ್ವಿಂಟಾಲ್ ಕಟ್ಟಿಗೆಗೆ ಬೆಂಕಿ ಹಚ್ಚೋದೇ ಬೇಡ. ಬೋರ್‌ವೆಲ್ ನೀರು ಗಡಸು, ಕೊಳವೆಯಲ್ಲಿ ಉಪ್ಪು ಕಟ್ಟುತ್ತೆ. ವರ್ಷಕ್ಕೊಮ್ಮೆ ತೊಳೆಸೋ ಜವಾಬ್ದಾರಿ ನಿಮ್ಮದು ಅಂತ ಬರೆದಿಟ್ಟುಕೊಳ್ಳಿ. ಮೋಡದ ದಿನಕ್ಕೆ ಹಂಡೆ ಇರಲಿ, ಅದರ ಒಲೆ ಬಾಯಿ ಬಚ್ಚಲ ಗೋಡೆಯ ಆಚೆಗಿರಲಿ, ಸೂರು ದಾಟೋ ಚಿಮಣಿ ಇರಲಿ. ಬಾಗಿಲು ಹಾಕಿ ಸ್ನಾನ ಮಾಡೋ ಜಾಗದೊಳಗೆ ಬೆಂಕಿ, ಕೆಂಡ ಎರಡೂ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಆಮೇಲೆ ಕಟ್ಟಿಗೆ. ಒಲೆಗೆ ಹಾಕೋ ದುಡ್ಡಲ್ಲಿ ಅರ್ಧ ಸೌದೆ ಕೊಟ್ಟಿಗೆಗೆ ಒಂದು ತಗಡಿನ ಸೂರು ಹಾಕೋಕೆ ಹಾಕಿ. ಬೇಸಿಗೆಯಲ್ಲೇ ಕೂಲಿ ಕೊಟ್ಟು ಸೀಳಿಸಿ ಜೋಡಿಸಿಡಿ. ಎರಡು ತುಂಡು ಬಡಿದ್ರೆ ಟಣ್ ಅನ್ನಬೇಕು, ದಬ್ ಅಂದ್ರೆ ಇನ್ನೂ ಹಸಿ. ಒಣ ಕಟ್ಟಿಗೆ ಹಾಕಿದ ಹಳೇ ಒಲೆಗಿಂತ ಹಸಿ ಕಟ್ಟಿಗೆ ಹಾಕಿದ ಹೊಸ ಒಲೆ ಮೇಲು ಅಂತ ಯಾವ ಸರ್ಟಿಫಿಕೇಟೂ ಹೇಳಲ್ಲ.

ಇದೆಲ್ಲ ಆದ ಮೇಲೂ ರೊಟ್ಟಿಗೋ ಹಬ್ಬದ ದೊಡ್ಡ ಅಡುಗೆಗೋ ಕಟ್ಟಿಗೆ ಒಲೆ ಬೇಕು ಅಂದ್ರೆ ಆರಿಸಿ. ಐಎಸ್ 13152 ಗುರುತು ನೋಡಿ, ಫ್ಯಾನ್ ಇದ್ರೆ ಅದು ಕೆಟ್ಟಾಗ ಹೊಳಲ್ಕೆರೆಯಲ್ಲಿ ರಿಪೇರಿ ಆಗುತ್ತಾ ಕೇಳಿ, ಹಂಚು ಕೂರುತ್ತಾ ನೋಡಿ. ಆರ್ಡರ್ ಬಟನ್ ಒತ್ತೋ ಮುಂಚೆ ಊರಿಗೆ ಒಂದು ಫೋನ್ ಮಾಡಿ. 'ಅವ್ವಾ, ಒಲೆ ಕಳಿಸ್ತೀನಿ' ಅನ್ನಬೇಡಿ. 'ಅವ್ವಾ, ಯಾವ ಹೊತ್ತಲ್ಲಿ ನಿಂಗೆ ಜಾಸ್ತಿ ಹೊಗೆ ಹತ್ತುತ್ತೆ?' ಅಂತ ಕೇಳಿ. ಅವಳು ಹೇಳೋ ಜಾಗಕ್ಕೆ ನೀವು ಕಳಿಸಬೇಕಾದ್ದು ಒಲೆಯೇ ಅಲ್ಲದೇ ಇರಬಹುದು.