ಸಿಂಪ್ಯೂಟರಿಗೆ ಸಿಗದ ಮೊದಲ ಗಿರಾಕಿ

ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರಿನ ಮಾತು ಬಂದಾಗಲೆಲ್ಲ ಎರಡು ತೀರ್ಪುಗಳು ಕೇಳಿಬರುತ್ತವೆ. ಅದು ಕಾಲಕ್ಕಿಂತ ಮೊದಲೇ ಹುಟ್ಟಿತು ಎನ್ನುವುದು ಒಂದು. ಮೊಬೈಲ್ ಬಂದು ಅದನ್ನು ನುಂಗಿ ಹಾಕಿತು ಎನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಎರಡೂ ಯಾರ ಮೇಲೂ ಹೊಣೆ ಹೊರಿಸುವುದಿಲ್ಲವಾದ್ದರಿಂದ ಎಲ್ಲರಿಗೂ ಹಿತವಾಗಿವೆ. ಬೆಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲೇ ತಯಾರಾಗಿ, ಕನ್ನಡದಲ್ಲಿ ಮಾತಾಡಬಲ್ಲ ಯಂತ್ರವೊಂದರ ಸೋಲನ್ನು ಇಷ್ಟು ಸಲೀಸಾಗಿ ಕಾಲದ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಯಂತ್ರ ಚೆನ್ನಾಗಿತ್ತು. ಅದನ್ನು ಮೊದಲು ಕೊಳ್ಳಬೇಕಾಗಿದ್ದವರು ಕೊಳ್ಳಲಿಲ್ಲ. ಮಾಡಿದವರೂ ತಾವು ಯಾರಿಗಾಗಿ ಮಾಡಿದ್ದೆವು ಎನ್ನುವುದನ್ನು ಕೊನೆಯವರೆಗೆ ಹಿಡಿದು ನಿಲ್ಲಲಿಲ್ಲ.

1998ರಲ್ಲಿ ಬೆಂಗಳೂರಿನ ಐಟಿ ಮೇಳದ ಸಂದರ್ಭದಲ್ಲಿ, ಮಾಹಿತಿ ತಂತ್ರಜ್ಞಾನ ಹಳ್ಳಿಯ ಜನಕ್ಕೆ ಹೇಗೆ ತಲುಪಬೇಕು ಎಂಬ ಚರ್ಚೆ ನಡೆಯಿತು. ಯೋಜನೆಯ ಬೀಜ ಅಲ್ಲಿದೆ. ಮರುವರ್ಷ ಸಿಂಪ್ಯೂಟರ್ ಟ್ರಸ್ಟ್ ಹುಟ್ಟಿತು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಾವು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಿಂದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಬಂದರೆ, ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯಿಂದ ವಿನಯ್ ದೇಶಪಾಂಡೆ ಮತ್ತು ಅವರ ಸಹೋದ್ಯೋಗಿಗಳು ಬಂದರು. 2001ರ ಏಪ್ರಿಲ್‌ನಲ್ಲಿ ಮೊದಲ ಮಾದರಿ ಜನರೆದುರು ಬಂತು. ಬೆಲೆ ಸುಮಾರು 9,000 ರೂಪಾಯಿ ಇರಬೇಕೆಂಬುದು ಗುರಿ. ಅದೇ ವರ್ಷ ಅಮೆರಿಕದ ಪತ್ರಿಕೆಯೊಂದು ಅದನ್ನು ವರ್ಷದ ದೊಡ್ಡ ಯೋಚನೆಗಳ ಸಾಲಿಗೆ ಸೇರಿಸಿತು.

ಆ ಯಂತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಂಗೈಯಲ್ಲಿ ಹಿಡಿಯುವಷ್ಟೇ ಗಾತ್ರ. ಕೀಲಿಮಣೆ ಇಲ್ಲ, ಕಡ್ಡಿಯಿಂದ ಮುಟ್ಟಿ ಕೆಲಸ ಮಾಡಿಸುವ ಕಪ್ಪು ಬಿಳುಪಿನ ಪುಟ್ಟ ಪರದೆ. ಒಳಗೆ ಇಂಟೆಲ್‌ನ 206 ಮೆಗಾಹರ್ಟ್ಸ್ ಸ್ಟ್ರಾಂಗ್‌ಆರ್ಮ್ ಚಿಪ್, ಅದರ ಮೇಲೆ ಲಿನಕ್ಸ್. ಓದಲು ಬಾರದವರಿಗಾಗಿ ಪರದೆಯ ಮೇಲಿನ ಬರಹವನ್ನು ಯಂತ್ರವೇ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಹರಿಹರನ್ ರೂಪಿಸಿದ ಆ ತಂತ್ರಾಂಶದ ಹೆಸರು ‘ಧ್ವನಿ’. ನಮ್ಮ ಲಿಪಿಗಳಲ್ಲಿ ಬರೆದಂತೆ ಓದುವ ಅನುಕೂಲವಿದೆಯಲ್ಲ, ‘ಧ್ವನಿ’ ನಿಂತದ್ದು ಅದರ ಮೇಲೆ. ಮೊದಲೇ ಧ್ವನಿಮುದ್ರಿಸಿಟ್ಟ ಸಣ್ಣ ಸಣ್ಣ ಉಚ್ಚಾರದ ತುಣುಕುಗಳನ್ನು ಅಕ್ಷರಕ್ಕೆ ತಕ್ಕಂತೆ ಹೆಕ್ಕಿ ಜೋಡಿಸಿದರೆ ಮಾತು ತಯಾರು. ಒಂದೇ ತಂತ್ರಾಂಶ ಕನ್ನಡಕ್ಕೂ ತಮಿಳಿಗೂ ಹಿಂದಿಗೂ ಒದಗುತ್ತಿತ್ತು, ಅದೂ ಈಗಿನ ಲೆಕ್ಕದಲ್ಲಿ ಏನೇನೂ ಅಲ್ಲದ ಮೆಮೊರಿಯಲ್ಲಿ. ಭಾರತೀಯ ಭಾಷೆಗಳನ್ನು ಕಂಪ್ಯೂಟರಿಗೆ ಕೊನೆಯಲ್ಲಿ ಅಂಟಿಸುವ ಪದಾರ್ಥ ಎಂದುಕೊಂಡಿದ್ದ ಆ ದಿನಗಳಲ್ಲಿ, ಇವರು ಭಾಷೆಯಿಂದಲೇ ವಿನ್ಯಾಸ ಶುರು ಮಾಡಿದ್ದರು. ನನ್ನ ಮಟ್ಟಿಗೆ ಸಿಂಪ್ಯೂಟರಿನ ಅತಿ ದೊಡ್ಡ ಸಾಧನೆ ಇದು. ಇದಕ್ಕೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ.

ಸ್ಮಾರ್ಟ್ ಕಾರ್ಡಿನ ಯೋಚನೆಯೂ ಅಷ್ಟೇ ಮುಖ್ಯ. 9,000 ರೂಪಾಯಿ ಕೊಟ್ಟು ರೈತ ಕೂಲಿಕಾರರು ಯಂತ್ರ ಕೊಳ್ಳಲಾರರು ಎನ್ನುವುದು ಟ್ರಸ್ಟಿನವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಯಂತ್ರ ಊರಿಗೊಂದು, ಕಾರ್ಡು ಆಳಿಗೊಂದು ಎಂದು ಲೆಕ್ಕ ಹಾಕಿದರು. ಪಂಚಾಯ್ತಿಯಲ್ಲೋ ಶಾಲೆಯಲ್ಲೋ ಅಂಗಡಿಯಲ್ಲೋ ಯಂತ್ರ ಇರುತ್ತದೆ. ಕಾರ್ಡು ಹಾಕಿದರೆ ಅದು ಅವರ ಯಂತ್ರವಾಗುತ್ತದೆ, ತೆಗೆದರೆ ಮುಂದಿನವರದು. ಯೋಚನೆ ಸೊಗಸಾಗಿದೆ. ಆದರೆ ಅದರಲ್ಲೊಂದು ತೂತು ಇತ್ತು. ಹಂಚಿಕೊಂಡು ಬಳಸುವ ಯಂತ್ರ ನಮ್ಮ ಜನಕ್ಕೆ ಹೊಸದಾಗಿರಲಿಲ್ಲ. ಆಗ ಊರೂರಿನ ಬಸ್ ನಿಲ್ದಾಣದ ಪಕ್ಕ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳಿದ್ದವು. ಒಂದು ಫೋನು ಸಾವಿರ ಜನರಿಗೆ ಒದಗಿದ್ದು ಅಲ್ಲಿ ಕೂತವರಿಗೆ ಪ್ರತಿ ಕರೆಗೂ ಕಮಿಷನ್ ಸಿಗುತ್ತಿದ್ದುದರಿಂದ. ಅವರ ಹೊಟ್ಟೆಪಾಡು ಆ ಫೋನಿನಲ್ಲಿತ್ತು, ಹಾಗಾಗಿ ಅದು ಕೆಟ್ಟ ದಿನವೇ ರಿಪೇರಿಗೆ ಓಡುತ್ತಿದ್ದರು. ಊರಿನ ಸಿಂಪ್ಯೂಟರಿನಿಂದ ಹೊಟ್ಟೆ ಹೊರೆಯುವವರು ಯಾರು? ಬಳಸುವವರು ಹೇಗೆ ಬಳಸಬೇಕೆಂದು ಯೋಚಿಸಿದಷ್ಟು ಆಳವಾಗಿ, ಅದನ್ನು ಇಟ್ಟುಕೊಂಡು ನಡೆಸುವವರ ಬಗ್ಗೆ ಟ್ರಸ್ಟು ಯೋಚಿಸಿದ ಕುರುಹು ನನಗೆ ಕಾಣುವುದಿಲ್ಲ.

ಪರವಾನಗಿಯ ವಿಚಾರವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ತಂತ್ರಾಂಶ ಲೋಕದ ಮುಕ್ತ ಪರವಾನಗಿಯನ್ನು ಇವರು ಯಂತ್ರದ ನಕ್ಷೆಗೇ ಅನ್ವಯಿಸಿದರು. ಶುಲ್ಕ ಕೊಟ್ಟು ಯಾರು ಬೇಕಾದರೂ ತಯಾರಿಸಬಹುದು, ಬಡ ದೇಶದ ಕಂಪನಿಗೆ ಶುಲ್ಕ ಕಡಿಮೆ, ಮಾಡಿದ ಸುಧಾರಣೆಗಳನ್ನು ಕೆಲಕಾಲದ ನಂತರ ಟ್ರಸ್ಟಿಗೆ ಮರಳಿಸಬೇಕು. ಉದಾರವಾದ, ದೂರ ಯೋಚಿಸಿದ ಕ್ರಮ ಅದು. ಆದರೂ ಗಟ್ಟಿಯಾಗಿ ಮುಂದೆ ಬಂದವು ಎರಡೇ ಕಂಪನಿಗಳು: ಎನ್‌ಕೋರ್ ಮತ್ತು ಪ್ರಾಧ್ಯಾಪಕರೇ ಕಟ್ಟಿದ ಪಿಕೋಪೇಟಾ. ಎರಡೂ ಟ್ರಸ್ಟಿನ ಮನೆಯವೇ. ಸಂತೆಯೇ ನೆರೆಯದ ಕಡೆ ಅಂಗಡಿಗೆ ಜಾಗ ಬಿಟ್ಟಿ ಎಂದರೂ ಯಾರು ಬರುತ್ತಾರೆ?

ಬೆಲೆಯೇ ದೊಡ್ಡ ತೊಡಕಾಯಿತು. ಚಿಪ್, ಪರದೆ ಎಲ್ಲ ಹೊರದೇಶದಿಂದ ಬರಬೇಕು. ಲಕ್ಷದ ಲೆಕ್ಕದಲ್ಲಿ ಕೊಂಡರೆ ಒಂದು ದರ, ಸಾವಿರದ ಲೆಕ್ಕದಲ್ಲಿ ಕೊಂಡರೆ ಇನ್ನೊಂದು. ಬೆಲೆ ಇಳಿಯಬೇಕಾದರೆ ಹೆಚ್ಚು ಮಾರಬೇಕು, ಹೆಚ್ಚು ಮಾರಬೇಕಾದರೆ ಬೆಲೆ ಇಳಿಯಬೇಕು. ತಂತ್ರಾಂಶದ ಸೇವೆಯಿಂದ ಕೈತುಂಬ ಗಳಿಸುತ್ತಿದ್ದ ಬೆಂಗಳೂರಿನಲ್ಲಿ ಯಂತ್ರ ತಯಾರಿಕೆಗೆ ಹಣ ಹಾಕುವ ಧೈರ್ಯ ಇದ್ದವರು ವಿರಳ. ಹೀಗೆ ಮೂರು ವರ್ಷ ಕಳೆದು, 2004ರ ಬೇಸಿಗೆಯಲ್ಲಿ ಪಿಕೋಪೇಟಾದ ‘ಅಮಿಡಾ’ ಸಿಂಪ್ಯೂಟರ್ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ (ಬಿಇಎಲ್) ತಯಾರಾಗಿ ಮಾರುಕಟ್ಟೆಗೆ ಬಂತು. ಅಗ್ಗದ ಮಾದರಿಗೆ 9,950 ರೂಪಾಯಿ, ಬಣ್ಣದ ಪರದೆ ಬೇಕೆಂದರೆ 19,950. ಈ ನಡುವೆ 2003ರ ಮೇ ತಿಂಗಳಲ್ಲಿ ಮೊಬೈಲಿಗೆ ಒಳಬರುವ ಕರೆ ಉಚಿತವಾಗಿತ್ತು. ಜುಲೈನಲ್ಲಿ ರಿಲಯನ್ಸ್ 501 ರೂಪಾಯಿ ಕಟ್ಟಿಸಿಕೊಂಡು ಕೈಗೆ ಫೋನು ಕೊಡತೊಡಗಿತ್ತು. ಉಳಿದದ್ದನ್ನು ತಿಂಗಳ ಕಂತಿನಲ್ಲಿ ವಸೂಲು ಮಾಡುವ ಕಂಪನಿಯ ಎದುರು, ಪೂರ್ತಿ ಬೆಲೆ ಒಂದೇ ಸಲ ಕೇಳುವ ಯಂತ್ರ ನಿಲ್ಲುವುದು ಕಷ್ಟ. 50,000 ಮಾರುವ ನಿರೀಕ್ಷೆಯಿತ್ತು, ಮಾರಿದ್ದು ಕೆಲವೇ ಸಾವಿರ.

ಬಿಇಎಲ್‌ನ ಹೆಸರು ಬಂದಾಗ ನನಗೆ ಇನ್ನೊಂದು ಯಂತ್ರ ನೆನಪಾಗುತ್ತದೆ. ಸಿಂಪ್ಯೂಟರ್ ಮಾರುಕಟ್ಟೆಗೆ ಬಂದ ಅದೇ ಬೇಸಿಗೆಯಲ್ಲಿ ಲೋಕಸಭೆ ಚುನಾವಣೆ ನಡೆಯಿತು. ದೇಶದುದ್ದಕ್ಕೂ ಮತಯಂತ್ರದಲ್ಲೇ ನಡೆದ ಮೊದಲ ಲೋಕಸಭಾ ಚುನಾವಣೆ ಅದು. ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸಿದ ಹತ್ತು ಲಕ್ಷಕ್ಕೂ ಹೆಚ್ಚು ಯಂತ್ರಗಳು ಮತಗಟ್ಟೆಗಳಿಗೆ ಹೋದವು. ಅದರ ದಾರಿಯೇನೂ ಸುಗಮವಾಗಿರಲಿಲ್ಲ. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲ ಬಾರಿ ಬಳಸಿದರು, ಕಾನೂನಿನಲ್ಲಿ ಅವಕಾಶವಿಲ್ಲ ಎಂದು 1984ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು, 1988ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. ಆಮೇಲೂ ಒಂದೂವರೆ ದಶಕ ಹಿಡಿಯಿತು. ಇಷ್ಟು ಪೆಟ್ಟು ತಿಂದ ಯಂತ್ರ ಉಳಿದದ್ದು ಅದನ್ನು ಕೊಳ್ಳುವವರು ಯಾರೆಂದು ಮೊದಲ ದಿನದಿಂದ ಗೊತ್ತಿದ್ದರಿಂದ. ಚುನಾವಣಾ ಆಯೋಗ ಕಾದಿತು, ಕಾನೂನು ಬದಲಾಯಿಸಿಕೊಂಡಿತು, ಕೊಂಡಿತು. ಸಿಂಪ್ಯೂಟರಿಗೆ ಅಂಥ ಒಂದು ಇಲಾಖೆ ಸಿಗಲಿಲ್ಲ. ವೇದಿಕೆಯ ಮೇಲೆ ಹೊಗಳಿಕೆ ಧಾರಾಳವಾಗಿ ಬಂತು, ಆರ್ಡರು ಬರಲಿಲ್ಲ.

ಸಿಗಬಹುದಾಗಿದ್ದ ಇಲಾಖೆ ಪಕ್ಕದಲ್ಲೇ ಇತ್ತು. ಅದೇ ವರ್ಷಗಳಲ್ಲಿ ಕರ್ನಾಟಕದ ಕಂದಾಯ ಇಲಾಖೆ ‘ಭೂಮಿ’ ಯೋಜನೆಯಲ್ಲಿ 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿ, 15 ರೂಪಾಯಿಗೆ ಕೊಡತೊಡಗಿತ್ತು. ಪಹಣಿಗಾಗಿ ತಾಲ್ಲೂಕು ಕಚೇರಿಯ ಕಿಟಕಿ ಮುಂದೆ ಸಾಲು ನಿಂತವರಿಗೆ ಕಂಪ್ಯೂಟರ್ ಎಂದರೇನು ಎಂದು ಯಾರೂ ಭಾಷಣ ಮಾಡಬೇಕಾಗಿರಲಿಲ್ಲ. ಪಹಣಿ ಇಲ್ಲದೆ ಸೊಸೈಟಿಯಲ್ಲಿ ಬೆಳೆಸಾಲ ಸಿಗುವುದಿಲ್ಲ, ಅದಕ್ಕೇ ಜನ ಬಂದರು. ಇಲಾಖೆಯ ಬಳಿ ಜನ ಬಯಸುವ ಸೇವೆಯಿತ್ತು, ಟಾಟಾ ಇನ್‌ಸ್ಟಿಟ್ಯೂಟ್‌ನವರ ಬಳಿ ಅದನ್ನು ಊರೊಳಗೆ ಒಯ್ಯಬಲ್ಲ, ಕನ್ನಡದಲ್ಲಿ ಓದಿ ಹೇಳಬಲ್ಲ ಯಂತ್ರವಿತ್ತು. ಇವೆರಡೂ ಕೂಡಿದ್ದೂ ಉಂಟು. ಭೂದಾಖಲೆಯ ಕೆಲಸದಲ್ಲಿ ಸಿಂಪ್ಯೂಟರನ್ನು ಬಳಸಿ ನೋಡಿದರು. ಅದು ರಾಜ್ಯದ ಪ್ರತಿ ಗ್ರಾಮಲೆಕ್ಕಿಗರ ಕೈಗೂ ಹೋಗುವ ಯೋಜನೆಯಾಗಿ ಬೆಳೆಯಲಿಲ್ಲ. ಹಾಗೆ ಬೆಳೆದಿದ್ದರೆ ಸಾವಿರಗಟ್ಟಲೆ ಯಂತ್ರಗಳಿಗೆ ಒಂದೇ ಕಂತಿನಲ್ಲಿ ಬೇಡಿಕೆ ಹುಟ್ಟಿ, ಬೆಲೆಯ ಸಿಕ್ಕು ಒಂದಿಷ್ಟಾದರೂ ಸಡಿಲುತ್ತಿತ್ತು. ಹೊಸ ತಯಾರಕರಿಗೆ ಅನುಭವವಿಲ್ಲ ಎಂಬ ಟೆಂಡರಿನ ನೆವವೂ ಇಲ್ಲಿ ನಡೆಯುತ್ತಿರಲಿಲ್ಲ. 2004ರ ಹೊತ್ತಿಗೆ ತಯಾರಕರು ಸರ್ಕಾರದ್ದೇ ಬಿಇಎಲ್.

ಇಷ್ಟೆಲ್ಲ ಹೇಳಿದ ಮೇಲೆ ಮಾಡಿದವರ ಪಾಲನ್ನೂ ಹೇಳಲೇಬೇಕು. ಅಮಿಡಾದಲ್ಲಿ ಕೈಯನ್ನು ಮೆಲ್ಲನೆ ಕೊಡವಿದರೆ ಪರದೆಯ ಪುಟ ತಿರುಗುತ್ತಿತ್ತು. ಚಲನೆಯನ್ನು ಗ್ರಹಿಸುವ ಈ ಸೌಲಭ್ಯ ಐಫೋನಿಗಿಂತ ಮೂರು ವರ್ಷ ಮುಂಚೆಯೇ ಬಂದದ್ದು, ಅದಕ್ಕಾಗಿ ಈಗಲೂ ಅಭಿಮಾನದಿಂದ ನೆನೆಯುವವರಿದ್ದಾರೆ. ಅದನ್ನು ನೆನೆದಾಗಲೆಲ್ಲ ನನಗೆ ಬೇಸರವೇ ಆಗುತ್ತದೆ. ಪುಟ ತಿರುಗಿಸುವ ಚಮತ್ಕಾರ ನಗರದ ಜೇಬಿಗಾಗಿ ಮಾಡಿದ್ದು. ಪಂಚಾಯ್ತಿಯ ಮೇಜಿನ ಮೇಲೆ ಹತ್ತು ಕೈ ದಾಟಬೇಕಾಗಿದ್ದ ಯಂತ್ರ, ಮಾರುಕಟ್ಟೆಗೆ ಬರುವ ಹೊತ್ತಿಗೆ ಒಬ್ಬೊಬ್ಬರ ಸ್ವಂತದ ವಸ್ತುವಾಗಿತ್ತು. ಆ ಅಂಗಳದಲ್ಲಿ ಅಂಗೈ ಕಂಪ್ಯೂಟರ್ ಮಾರುವ ಪಾಮ್‌ನಂಥ ಕಂಪನಿಗಳು ಮೊದಲೇ ಬೇರು ಬಿಟ್ಟಿದ್ದವು, ಮೊಬೈಲ್ ಕಂಪನಿಗಳು ದಾಪುಗಾಲು ಹಾಕುತ್ತಿದ್ದವು. ಸರ್ಕಾರ ಕೈಕೊಟ್ಟಾಗ ಕಂಪನಿ ಉಳಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ ಎನ್ನಬಹುದು, ಆ ಒತ್ತಡ ನನಗೂ ಅರ್ಥವಾಗುತ್ತದೆ. ಆದರೆ ತಾವು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಗಿರಾಕಿಯನ್ನು ಬಿಟ್ಟು, ಬೇರೆಯವರು ಚೆನ್ನಾಗಿ ಬಲ್ಲ ಗಿರಾಕಿಯ ಬೆನ್ನು ಹತ್ತಿದ್ದು ತಪ್ಪು ನಿರ್ಧಾರ.

ಆಮೇಲಿನ ಕಥೆ ಬೇಗ ಮುಗಿಯುತ್ತದೆ. ಪಿಕೋಪೇಟಾ ಮುಂಬೈನ ಜಿಯೋಡೆಸಿಕ್ ಕಂಪನಿಯ ಪಾಲಾಯಿತು. ಎನ್‌ಕೋರ್ ಸೇನೆಗಾಗಿ ‘ಸಾಥಿ’ ಎಂಬ ಕೈಯಂತ್ರ ರೂಪಿಸಿತು. ‘ಧ್ವನಿ’ಯ ಮೂಲ ಸಂಕೇತ ಮುಕ್ತವಾಗಿದ್ದರಿಂದ ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡು ಇನ್ನಷ್ಟು ಭಾರತೀಯ ಭಾಷೆಗಳಿಗೆ ವಿಸ್ತರಿಸಿದರು. ಈಗ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಟಿಕೆಟ್ ಯಂತ್ರವಿದೆ, ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರವಿದೆ, ಹಳ್ಳಿಗೆ ಪಿಂಚಣಿ ಹಂಚಲು ಬರುವ ಬ್ಯಾಂಕ್ ಪ್ರತಿನಿಧಿಗಳ ಚೀಲದಲ್ಲೂ ಒಂದಿದೆ. ಒಂದು ಯಂತ್ರ, ನೂರಾರು ಜನ, ಆಳಿಗೊಂದು ಗುರುತು, ಯಂತ್ರ ಹಿಡಿದವರಿಗೆ ಸಂಬಳವೋ ಕಮಿಷನ್ನೋ. ಕೊನೆಯದೊಂದನ್ನು ಬಿಟ್ಟರೆ 1999ರ ಟ್ರಸ್ಟು ಊಹಿಸಿದ್ದು ಹೆಚ್ಚುಕಡಿಮೆ ಇದನ್ನೇ. ಈ ಯಂತ್ರಗಳನ್ನು ಇಲಾಖೆಗಳು, ನಿಗಮಗಳು, ಬ್ಯಾಂಕುಗಳು ಸಗಟಾಗಿ ಕೊಳ್ಳುತ್ತಿವೆ.