ನಂಟಿಗೊಂದು ಗೆರೆ

ಫ್ರಾನ್ಸಿಸ್ ಬೇಕನ್ನನ (1561–1626) ಹೆಸರು ನನ್ನ ತಲೆಮಾರಿನಲ್ಲಿ ಬಿ.ಎ.ಗೆ ಇಂಗ್ಲಿಷ್ ಓದಿದವರಿಗೆ ಗೊತ್ತಿರುವಂಥದೇ. ಓದು, ಗೆಳೆತನ, ಸೇಡು ಎಂದು ಒಂದೊಂದಕ್ಕೂ ಪುಟ್ಟ ಪ್ರಬಂಧ ಬರೆದು, ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಶಾಶ್ವತ ಉಪಕಾರ ಮಾಡಿಹೋದ ಮಹಾನುಭಾವ. ಆತನ ಹೆಸರಿನಲ್ಲೇ ಅಮೆರಿಕದ ಕಾರ್ನೆಗಿ ಮೆಲನ್ ಮತ್ತು ಜಾರ್ಜ್‌ಟೌನ್ ವಿಶ್ವವಿದ್ಯಾಲಯಗಳ ಸಾಹಿತ್ಯದವರೂ ಸಂಖ್ಯಾಶಾಸ್ತ್ರದವರೂ ಕೂಡಿ ಒಂದು ನಕ್ಷೆ ಮಾಡಿದ್ದಾರೆ: 'ಸಿಕ್ಸ್ ಡಿಗ್ರೀಸ್ ಆಫ್ ಫ್ರಾನ್ಸಿಸ್ ಬೇಕನ್'. 1500ರಿಂದ 1700ರವರೆಗಿನ ಬ್ರಿಟನ್ನಿನಲ್ಲಿ ಯಾರಿಗೆ ಯಾರು ಗೊತ್ತಿದ್ದರು ಎಂಬುದನ್ನು ಚುಕ್ಕಿ ಮತ್ತು ಗೆರೆಗಳಲ್ಲಿ ತೋರಿಸುವ ನಕ್ಷೆ. ನಮ್ಮ ರಂಗೋಲಿಯಂತೆಯೇ, ಆದರೆ ಚುಕ್ಕಿಗಳು 13 ಸಾವಿರಕ್ಕೂ ಹೆಚ್ಚು.

ಅವರು ಮಾಡಿದ್ದು ಇಷ್ಟು. ಆಕ್ಸ್‌ಫರ್ಡಿನವರ ರಾಷ್ಟ್ರೀಯ ಜೀವನಚರಿತ್ರೆ ಕೋಶದ ಬರಹಗಳನ್ನು ಗಣಕಯಂತ್ರಕ್ಕೆ ಓದಿಸಿದರು. ಎಲ್ಲಿ ಮನುಷ್ಯರ ಹೆಸರು ಬರುತ್ತದೆ ಎಂಬುದನ್ನು ಯಂತ್ರ ಗುರುತಿಸುತ್ತದೆ. ಯಾವ ಹೆಸರಿನ ಜೊತೆ ಯಾವ ಹೆಸರು ಎಷ್ಟು ಸಲ ಬಂತು ಎಂದು ಎಣಿಸಿ, ಇವರಿಬ್ಬರಿಗೆ ಪರಿಚಯವಿದ್ದಿರಬೇಕು ಎಂದು ಊಹಿಸುತ್ತದೆ. ಇಬ್ಬರೂ ಮೂರನೆಯವನೊಬ್ಬನ ದೆಸೆಯಿಂದ ಮಾತ್ರ ಒಂದೆಡೆ ಕಾಣಿಸಿಕೊಂಡಿದ್ದರೆ ಅವರ ನಡುವಿನ ಗೆರೆಯನ್ನು ಬಿಟ್ಟುಬಿಡುವ ಜಾಣ ಲೆಕ್ಕವೂ ಅದರಲ್ಲಿದೆ. ಊಹೆ ಎಷ್ಟು ಗಟ್ಟಿ ಎಂಬುದನ್ನು ಶೇಕಡಾವಾರಿನಲ್ಲಿ ಹೇಳುತ್ತದೆ. ತಿಳಿದವರು ಬಂದು ತಿದ್ದುವುದಕ್ಕೂ ಜಾಗವಿಟ್ಟಿದ್ದಾರೆ. ಮದುವೆಮನೆಯಲ್ಲಿ ಯಾರು ಯಾರ ಪಕ್ಕ ಊಟಕ್ಕೆ ಕೂತರು ಎಂದು ನೋಡಿ ನೆಂಟಸ್ತಿಕೆ ಹೇಳುವ ಅಜ್ಜಿಯರ ವಿದ್ಯೆಯೇ ಇದು. ಪಂಕ್ತಿ ಮಾತ್ರ ಇನ್ನೂರು ವರ್ಷ ಉದ್ದ.

ಇದನ್ನು ಹಗುರ ಮಾಡಲು ನನಗೆ ಮನಸ್ಸಿಲ್ಲ. ಒಬ್ಬ ವಿದ್ವಾಂಸ ಬದುಕಿಡೀ ಓದಿದರೂ ಇಷ್ಟು ಜನರನ್ನು ಒಟ್ಟಿಗೆ ತಲೆಯಲ್ಲಿಟ್ಟುಕೊಳ್ಳಲಾರ. ಎಲ್ಲಿ ಹುಡುಕಬೇಕು ಎಂದು ಬೆರಳು ತೋರಿಸಲು ಇಂಥ ನಕ್ಷೆ ಬೇಕು. ನನ್ನ ತಕರಾರು ಗೆರೆಯ ಬಗ್ಗೆ.

ಬೇಕನ್ ಮತ್ತು ಎಸೆಕ್ಸ್‌ನ ಅರ್ಲನನ್ನೇ ತೆಗೆದುಕೊಳ್ಳಿ. 1594ರಲ್ಲಿ ಅಟಾರ್ನಿ ಜನರಲ್ ಹುದ್ದೆ ಬೇಕನ್ನನಿಗೇ ಸಿಗಬೇಕೆಂದು ಎಸೆಕ್ಸ್ ರಾಣಿಯ ಹತ್ತಿರ ಹಟ ಹಿಡಿದ. ಅದು ಎಡ್ವರ್ಡ್ ಕೋಕನಿಗೆ ಹೋಯಿತು. ಆಮೇಲೆ ಎಸೆಕ್ಸ್ ತನ್ನದೇ ಜಮೀನನ್ನು ಬೇಕನ್ನನಿಗೆ ಕೊಟ್ಟ. 1601ರಲ್ಲಿ ಅದೇ ಎಸೆಕ್ಸ್ ರಾಜದ್ರೋಹದ ಆಪಾದನೆ ಹೊತ್ತು ನಿಂತಾಗ ಅವನ ವಿರುದ್ಧ ವಾದಿಸಿದವರಲ್ಲಿ ಬೇಕನ್ನನೂ ಒಬ್ಬ. ಎಸೆಕ್ಸ್‌ನ ತಲೆ ಹೋಯಿತು. ಯಂತ್ರದ ಎಣಿಕೆಗೆ ಜಮೀನು ಕೊಟ್ಟ ಪುಟದಲ್ಲೂ ಎರಡು ಹೆಸರು ಜೊತೆಗಿವೆ, ಕೊರಳು ಕೊಯ್ದ ಪುಟದಲ್ಲೂ ಜೊತೆಗಿವೆ. ದ್ರೋಹ ಹೆಚ್ಚಿದಷ್ಟೂ ಬರೆಯುವವರು ಹೆಚ್ಚು. ಗೆರೆಯೂ ಅಷ್ಟೇ ಗಟ್ಟಿ!

ಇನ್ನು ಬಂಧುತ್ವ. ರಾಬರ್ಟ್ ಸೆಸಿಲ್ ಬೇಕನ್ನನಿಗೆ 'ಕಸಿನ್' ಎಂದು ಇಂಗ್ಲಿಷ್ ಪುಸ್ತಕಗಳು ಹೇಳುತ್ತವೆ. ನಮ್ಮ ಲೆಕ್ಕದಲ್ಲಿ ಬಿಡಿಸಿ ನೋಡಿದೆ: ತಾಯಿಯ ಅಕ್ಕನ ಮಗ, ಎರಡು ವರ್ಷ ಚಿಕ್ಕವನು. ಅಂದರೆ ತಮ್ಮನೇ. ಅಧಿಕಾರದ ಶಿಖರದಲ್ಲಿದ್ದ ವಿಲಿಯಂ ಸೆಸಿಲ್ ದೊಡ್ಡಪ್ಪ. ದೊಡ್ಡಪ್ಪನ ಬಳಿ ಬೇಕನ್ ವರ್ಷಗಟ್ಟಲೆ ಹುದ್ದೆಗಾಗಿ ಕೈಯೊಡ್ಡಿದ, ಆ ಮನೆಯ ತಮ್ಮ ಮುಂದೆ ಹೋಗುತ್ತಲೇ ಇದ್ದ ಎಂದು ಹೇಳಿದರೆ ನನ್ನ ಒಂಬತ್ತನೆಯ ತರಗತಿಯ ಮಕ್ಕಳಿಗೂ ಒಳಗಿನ ಉರಿ ಅರ್ಥವಾಗುತ್ತದೆ. 'ಕಸಿನ್' ಎಂಬ ಪದಕ್ಕೆ ಆ ಶಾಖವಿಲ್ಲ.

ಈ ಸಂಸಾರವನ್ನೆಲ್ಲ ಬೆಸೆದವರು ಇಬ್ಬರು ಅಕ್ಕತಂಗಿಯರು, ಮಿಲ್ಡ್ರೆಡ್ ಮತ್ತು ಆನ್. ಇಬ್ಬರಿಗೂ ಗ್ರೀಕ್, ಲ್ಯಾಟಿನ್ ಬರುತ್ತಿತ್ತು. ತಂಗಿ ಆನ್ ಬೇಕನ್ನನ ತಾಯಿ. ಲ್ಯಾಟಿನ್ನಿನಿಂದ ಅವಳು ಅನುವಾದಿಸಿದ ಬಿಷಪ್ ಜ್ಯುವೆಲ್‌ನ ಗ್ರಂಥ 1564ರಲ್ಲಿ ಅಚ್ಚಾಯಿತು. ದೊಡ್ಡ ಮಗ ಆಂಟನಿಗೂ ಫ್ರಾನ್ಸಿಸ್‌ಗೂ ಅವಳು ಬರೆದ ಕಾಗದಗಳು ಉಳಿದಿವೆ. ಅವುಗಳಲ್ಲಿ ಧರ್ಮಬೋಧೆಯೂ ಉಂಟು, ಮಕ್ಕಳ ಆರೋಗ್ಯದ ಚಿಂತೆಯೂ ಉಂಟು, ಎಂಥವರ ಸಹವಾಸ ಮಾಡಿದ್ದೀರಿ ಎಂಬ ಗದರಿಕೆಯೂ ಉಂಟು. ಇಂಥವಳು ಹುಟ್ಟಿದಾಗ ಆನ್ ಕುಕ್, ಮದುವೆಯಾದ ಮೇಲೆ ಆನ್ ಬೇಕನ್. ಹೆಸರನ್ನೇ ನಂಬಿ ಹೊರಟ ಯಂತ್ರಕ್ಕೆ ಅವಳು ಒಬ್ಬಳೋ ಇಬ್ಬರೋ? ಮುಕ್ಕಾಲುಪಾಲು ಹೆಂಗಸರಿಗಂತೂ ಪುಸ್ತಕಗಳಲ್ಲಿ ಎರಡನೆಯ ಹೆಸರಿರಲಿ, ಮೊದಲನೆಯದೂ ಇರುವುದಿಲ್ಲ. 'ಅವನ ಹೆಂಡತಿ', 'ಅವನ ವಿಧವೆ ತಾಯಿ', ಅಷ್ಟೇ. ನಕ್ಷೆ ಮಾಡಿದವರಿಗೂ ಈ ಕೊರತೆ ತಿಳಿದಿತ್ತು. 2017ರಲ್ಲಿ ಅದಕ್ಕೆಂದೇ ಒಂದು ದಿನ ಗೊತ್ತುಮಾಡಿ, ಆಸಕ್ತರು ಸೇರಿ ಆ ಕಾಲದ ಹೆಂಗಸರನ್ನು ಕೈಯಾರೆ ನಕ್ಷೆಗೆ ಸೇರಿಸಿದರು. ಯಂತ್ರ ಬಿಟ್ಟದ್ದನ್ನು ಮನುಷ್ಯರು ಕೂತು ಹೆಕ್ಕಿದ ಆ ಕೆಲಸ ನನಗೆ ಇಡೀ ನಕ್ಷೆಗಿಂತ ಹೆಚ್ಚು ಇಷ್ಟವಾಯಿತು.

ನಾಟಕಗಳಿಗೂ ಇಂಥ ನಕ್ಷೆ ಮಾಡುತ್ತಾರೆ. 2011ರಲ್ಲಿ ಫ್ರಾಂಕೊ ಮೊರೆಟ್ಟಿ ಎಂಬ ವಿಮರ್ಶಕ 'ಹ್ಯಾಮ್ಲೆಟ್'ಗೆ ಒಂದು ಬರೆದ, ಯಂತ್ರದಿಂದಲ್ಲ, ಕೈಯಿಂದಲೇ. ನಿಯಮ ಸರಳ: ಇಬ್ಬರು ಪಾತ್ರಗಳ ನಡುವೆ ಮಾತು ನಡೆದರೆ ಒಂದು ಗೆರೆ. ಹೊರೇಷಿಯೋನಂಥ ಸಾಧು ಪಾತ್ರ ಎಷ್ಟು ಮುಖ್ಯ ಎಂಬುದು ಇದರಿಂದ ಕಾಣುತ್ತದೆ ಎಂಬ ಮಾತು ಒಪ್ಪತಕ್ಕದ್ದೇ. ಆದರೆ ಈ ನಿಯಮದಂತೆ ಸತ್ತ ರಾಜನ ಪ್ರೇತಕ್ಕೂ ರಾಣಿ ಗರ್‌ಟ್ರೂಡಳಿಗೂ ನಡುವೆ ಗೆರೆ ಬೀಳುವುದಿಲ್ಲ. ಪ್ರೇತ ಅವಳ ಕೋಣೆಗೇ ಬರುತ್ತದೆ, ಅವಳನ್ನು ನೋಡುತ್ತದೆ, ಅವಳನ್ನು ಸಂತೈಸೆಂದು ಮಗನಿಗೆ ಹೇಳುತ್ತದೆ. ಅವಳಿಗೆ ಅದು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಗಂಡಹೆಂಡಿರ ನಡುವೆ ಮಾತಿಲ್ಲದ ಆ ಜಾಗದಲ್ಲೇ ಅಲ್ಲವೇ ನಾಟಕದ ಸಂಕಟ ಕೂತಿರುವುದು?

ಈಗ ಯಂತ್ರಗಳು ಹೆಸರೆಣಿಸುವ ಹಂತ ದಾಟಿ, ಪತ್ರವನ್ನೇ ಓದಿ 'ಇದು ಗೆಳೆತನ, ಇದು ಹಗೆ' ಎಂದು ಹೇಳುವಷ್ಟು ಬೆಳೆದಿವೆ. ಹೇಳುವ ಧಾಟಿ ಎಷ್ಟು ನಯವೆಂದರೆ, ಸರಿಯನ್ನೂ ತಪ್ಪನ್ನೂ ಒಂದೇ ಗಾಂಭೀರ್ಯದಲ್ಲಿ ಹೇಳಿಬಿಡುತ್ತವೆ. ನಮ್ಮ ಶಾಲೆಗೆ ಬರುವ ಕೆಲವು ಇನ್‌ಸ್ಪೆಕ್ಟರುಗಳ ಹಾಗೆ.

ಬೆಂಗಳೂರಿನಲ್ಲಿ ಎಂ.ಎ. ಓದುತ್ತಿರುವ ನನ್ನ ತಮ್ಮನ ಮಗಳು ಇಂಥದೇ ಒಂದು ಯಂತ್ರಕ್ಕೆ ಮನೆಯ ಹಳೆಯ ಕಾಗದಗಳನ್ನು ಓದಿಸುವುದಾಗಿ ಹೊರಟಿದ್ದಾಳೆ. ಅವಳಿಗೆ ಕೊಡಲೆಂದು ನನ್ನ ತಾಯಿ ತವರಿಗೆ ಬರೆದ ಕಾಗದಗಳ ಕಟ್ಟನ್ನು ಬಿಚ್ಚಿ ಕೂತೆ. ನಲವತ್ತಕ್ಕೂ ಹೆಚ್ಚು ಕಾಗದ. ಒಂದರಲ್ಲೂ ನನ್ನ ತಂದೆಯ ಹೆಸರಿಲ್ಲ. ಗಂಡನ ಹೆಸರು ಬರೆಯುವುದುಂಟೇ? 'ಇವರು ಊರಿನಿಂದ ಬಂದರು', 'ಇವರಿಗೆ ಕೆಮ್ಮು ವಾಸಿ', 'ಇವರದು ಎಂದಿನ ಹಾಗೇ'. ಹಾಲಿನವನ ಹೆಸರಿದೆ, ಪೋಸ್ಟ್‌ಮ್ಯಾನ್‌ನ ಹೆಸರಿದೆ, ಬಟ್ಟೆ ಅಂಗಡಿಯವನ ಹೆಸರು ಐದಾರು ಸಲ ಇದೆ. ಎಣಿಸಿದರೆ ಅಮ್ಮನಿಗೆ ಬಟ್ಟೆ ಅಂಗಡಿಯವನೇ ಪರಮಾಪ್ತ.

"ಅತ್ತೆ, 'ಇವರು' ಅಂದರೆ ತಾತ ಅಂತ ಅದಕ್ಕೆ ಹೇಳಿಕೊಟ್ಟರಾಯಿತು" ಎಂದಳು ಹುಡುಗಿ. ಆಗಬಹುದು. ಆದರೆ ಕೆಲವು ಕಾಗದಗಳಲ್ಲಿ 'ಇವರು' ಎಂದರೆ ನನ್ನ ಅಜ್ಜಿ, ಅಂದರೆ ಅಮ್ಮನ ಅತ್ತೆ. ಕಾಗದ ಯಾರ ಕೈಗಾದರೂ ಸಿಕ್ಕೀತೆಂಬ ಭಯಕ್ಕೆ ಹಾಗೆ ಬರೆದದ್ದು. ಯಾವುದು ಯಾರು ಎಂಬುದು ಜೊತೆಗಿರುವ ಸಿಟ್ಟಿನಿಂದ ನನಗೆ ತಿಳಿಯುತ್ತದೆ. ಪ್ರತಿ ಕಾಗದದ ಅಂಚಿನಲ್ಲೂ ಪೆನ್ಸಿಲ್ಲಿನಿಂದ ಹೆಸರು ಬರೆಯುತ್ತಿದ್ದೇನೆ. ಹದಿನೆಂಟು ಮುಗಿದಿವೆ. ಮುಂದಿನದರಲ್ಲಿ 'ಇವರು ಮಾತಾಡಿ ಒಂದು ತಿಂಗಳಾಯಿತು' ಎಂದಿದೆ. ಅಲ್ಲಿ ಮಾತ್ರ ಇನ್ನೂ ಏನೂ ಬರೆದಿಲ್ಲ.